ಹಾಲು ಮತ್ತು ನಿದ್ದೆ: ಎಳೆಗೂಸಿನ ಮೊದಲ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಡುರಾತ್ರಿ ಮಗು ಎದ್ದು ಅತ್ತಾಗ ಎಲ್ಲರಿಗೂ ಬರುವ ಅನುಮಾನ ಒಂದೇ: ಇದು ಹಸಿವೋ, ನಿದ್ದೆಯ ತೊಂದರೆಯೋ? ಮೊದಲ ತಿಂಗಳುಗಳಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಸರಿಯಾಗಿ ಕುಡಿಯದ ಮಗು ಸರಿಯಾಗಿ ಮಲಗುವುದಿಲ್ಲ. ನಿದ್ದೆಗೆಟ್ಟ ಮಗು ಸರಿಯಾಗಿ ಕುಡಿಯುವುದಿಲ್ಲ. ಅದಕ್ಕೇ ಎರಡೂ ವಿಷಯಗಳನ್ನು ಇಲ್ಲಿ ಒಟ್ಟಿಗೇ ಇಟ್ಟಿದ್ದೇವೆ. ನಿಮ್ಮ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ನಿದ್ದೆಗೆ ಸಂಬಂಧಿಸಿದ ವಯಸ್ಸುಗಳನ್ನು ಹೆರಿಗೆ ಆಗಬೇಕಿದ್ದ ದಿನದಿಂದ ಲೆಕ್ಕ ಹಾಕಿಕೊಳ್ಳಿ.

ಮಗು ಎರಡು ಗಂಟೆಗೊಮ್ಮೆ ಏಳುತ್ತದೆ. ಇದು ಸಹಜವೇ?

ಹೊಸ ಮಗುವಿಗೆ ಸಹಜವೇ. ಮೊದಲ ಮೂರು ತಿಂಗಳು ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ಅದು ಸಿಗುವುದು ತುಂಡು ತುಂಡಾಗಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಒಂದು ಚಿಕ್ಕ ಚಮಚದಷ್ಟು ಹಾಲು ಮಾತ್ರ. ಮುಂದಿನ ವಾರಗಳಲ್ಲೂ ಹೊಟ್ಟೆ ಚಿಕ್ಕದೇ, ಎದೆಹಾಲು ಬೇಗ ಜೀರ್ಣವಾಗುತ್ತದೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಬೇಕು. ಅದರಲ್ಲಿ ಕೆಲವು ಸಲ ರಾತ್ರಿಯೇ ಬೀಳುತ್ತದೆ, ಬೇರೆ ದಾರಿ ಇಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಹೊಸ ಮಗುವಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಅಲ್ಲಾಡುವ ನಿದ್ದೆ. ಕಣ್ಣು ಮುಚ್ಚಿಕೊಂಡೇ ಮುಲುಗುತ್ತದೆ, ಮುಖ ಕಿವುಚುತ್ತದೆ, ಕಾಲು ಝಾಡಿಸುತ್ತದೆ, ಒಮ್ಮೆ ಕಿರುಚಿ ಸುಮ್ಮನಾಗುತ್ತದೆ. ಸದ್ದು ಕೇಳಿದ ತಕ್ಷಣ ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದ ಹಾಗೆ. ಅರ್ಧ ನಿಮಿಷ ಸುಮ್ನೆ ನೋಡಿ. ನಿಜವಾಗಿ ಎದ್ದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ, ಹೇಗೆ ತಿಳಿಯುವುದು?

ಎಷ್ಟು ನಿಮಿಷ ಕುಡಿಯಿತು ಎಂದು ಗಡಿಯಾರ ನೋಡುವುದರಿಂದ ತಿಳಿಯುವುದಿಲ್ಲ. ಎದೆ ಹಿಂಡಿ ನೋಡುವುದರಿಂದಲೂ ತಿಳಿಯುವುದಿಲ್ಲ. ನೋಡಬೇಕಾದ್ದು ಡೈಪರ್ ಮತ್ತು ತೂಕ.

ಮೊದಲ ದಿನ ಒಂದು ಸಲ ಮೂತ್ರ ಮಾಡಿದರೂ ಸಾಕು, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಹೋಗಬೇಕು. ಐದನೇ ದಿನ ದಾಟಿದ ಮೇಲೆ ದಿನಕ್ಕೆ ಕನಿಷ್ಠ ಆರು ಸಲ ಚೆನ್ನಾಗಿ ಒದ್ದೆಯಾಗಬೇಕು, ಬಣ್ಣ ತಿಳಿಯಾಗಿರಬೇಕು. ಮಲ ಮೊದಲೆರಡು ದಿನ ಕಪ್ಪಗೆ, ಅಂಟಂಟಾಗಿ ಇರುತ್ತದೆ. ಆಮೇಲೆ ಹಸಿರಿಗೆ ತಿರುಗಿ, ನಾಲ್ಕೈದನೇ ದಿನದ ಹೊತ್ತಿಗೆ ಹಳದಿ ಆಗಬೇಕು. ಐದನೇ ದಿನವೂ ಕಪ್ಪು ಮಲವೇ ಬರುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿಲ್ಲ ಎಂದೇ ಅನುಮಾನಿಸಿ, ಅದೇ ದಿನ ತೋರಿಸಿ.

ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿಯುತ್ತದೆ. ಶೇ. 7ರವರೆಗೆ ಇಳಿದರೆ ಸಾಮಾನ್ಯ. ಶೇ. 10ರ ಹತ್ತಿರ ಬಂದರೆ ವೈದ್ಯರು ಹಾಲು ಕುಡಿಸುವುದನ್ನು ಕಣ್ಣಾರೆ ನೋಡಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುವುದು ಒಳ್ಳೆಯ ಲಕ್ಷಣ. ದಿನಾ ತೂಗಬೇಡಿ. ಈಗಷ್ಟೇ ಕುಡಿದಿದೆಯೋ, ಈಗಷ್ಟೇ ಡೈಪರ್ ತುಂಬಿಸಿದೆಯೋ ಎಂಬುದರ ಮೇಲೆಯೇ ಮುಳ್ಳು ಅತ್ತಿತ್ತ ಆಗುತ್ತದೆ, ಸುಮ್ನೆ ತಲೆಬಿಸಿ.

ತೂಕ ಏರುತ್ತಿದೆ, ಡೈಪರ್ ಒದ್ದೆಯಾಗುತ್ತಿದೆ ಎಂದಾದರೆ ರಾತ್ರಿ ಏಳುವುದು ಆಯಾಸದ ವಿಷಯವೇ ಹೊರತು ಕಾಯಿಲೆಯಲ್ಲ. ಇವೆರಡು ಸರಿ ಇಲ್ಲದಿದ್ದರೆ ನಿದ್ದೆಯ ಬಗ್ಗೆ ಏನೂ ಮಾಡಲು ಹೋಗಬೇಡಿ. ಮೊದಲು ಹಾಲು ಸರಿಯಾಗಬೇಕು.

ಯಾವಾಗ ತಡಮಾಡದೆ ವೈದ್ಯರ ಬಳಿ ಹೋಗಬೇಕು?

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಮಗು ಆಡಿಕೊಂಡಿದ್ದರೂ ಹೋಗಿ. ಹಸಿರು ವಾಂತಿ, ರಕ್ತ ಬೆರೆತ ವಾಂತಿ ಅಥವಾ ಮಲ, ಎಬ್ಬಿಸಿದರೂ ಏಳದಷ್ಟು ಮಂಕು, ಒಂದಾದ ಮೇಲೊಂದು ಹೊತ್ತಿನ ಹಾಲು ಬೇಡ ಎನ್ನುವುದು, ಎಂಟು ಗಂಟೆಯಾದರೂ ಮೂತ್ರ ಮಾಡದಿರುವುದು, ನೆತ್ತಿ ಗುಳಿ ಬಿದ್ದಿರುವುದು, ಉಸಿರಾಡುವಾಗ ಪಕ್ಕೆಲುಬು ಒಳಗೆ ಎಳೆಯುವುದು, ತುಟಿ ನೀಲಿ ಆಗುವುದು: ಇವ್ಯಾವುದಕ್ಕೂ ಬೆಳಗಾಗಲಿ ಎಂದು ಕಾಯಬಾರದು. ಹುಟ್ಟಿದ 24 ಗಂಟೆಯೊಳಗೇ ಮೈ ಹಳದಿಯಾದರೂ ಅಷ್ಟೇ. ಮಲ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೂ ಬೇಗ ತೋರಿಸಿ.

ಮಗು ಏಳುವುದೇ ಇಲ್ಲ. ಮಲಗಿದ ಮಗುವನ್ನು ಎಬ್ಬಿಸಿ ಕುಡಿಸಬೇಕೇ?

ಹುಟ್ಟಿದಾಗಿನ ತೂಕಕ್ಕೆ ಮರಳುವವರೆಗೆ, ಹೌದು. ಎರಡರಿಂದ ಮೂರು ಗಂಟೆಗೊಮ್ಮೆ ಎಬ್ಬಿಸಿ. ರಾತ್ರಿಯೂ ನಾಲ್ಕು ಗಂಟೆ ಮೀರಲು ಬಿಡಬೇಡಿ. "ಎಷ್ಟು ಒಳ್ಳೆ ಮಗು, ಅಳುವುದೇ ಇಲ್ಲ" ಎಂದು ಎಲ್ಲರೂ ಹೊಗಳುವ ಮಗುವನ್ನೇ ಮೊದಲ ವಾರ ಜಾಸ್ತಿ ಗಮನಿಸಬೇಕು. ಕಾಮಾಲೆ ಇರುವ ಮಗುವಿಗೆ ಮಂಪರು ಇರುತ್ತದೆ. ಮಂಪರಿಗೆ ಹಾಲು ಕಡಿಮೆ ಕುಡಿಯುತ್ತದೆ, ಹಾಲು ಕಡಿಮೆಯಾದರೆ ಕಾಮಾಲೆ ಇನ್ನೂ ಏರುತ್ತದೆ. 34ರಿಂದ 36ನೇ ವಾರದಲ್ಲಿ ಹುಟ್ಟಿದ ಮಕ್ಕಳೂ ಹೀಗೇ. ನೋಡಲು ತಿಂಗಳು ತುಂಬಿದ ಮಗುವಿನ ಹಾಗೆ ಕಾಣುತ್ತವೆ, ಆದರೆ ಹೀರುವ ಶಕ್ತಿ ಬೇಗ ಮುಗಿದುಹೋಗುತ್ತದೆ.

ಎಬ್ಬಿಸಲು ಹೊದಿಕೆ ತೆಗೆದು ಮಗುವನ್ನು ನಿಮ್ಮ ಬರಿಮೈಗೆ ಒರಗಿಸಿಕೊಳ್ಳಿ. ಡೈಪರ್ ಬದಲಿಸಿ, ಅಂಗಾಲು ಉಜ್ಜಿ. ಕುಡಿಯುತ್ತಾ ಕುಡಿಯುತ್ತಾ ಜೋಂಪು ಹತ್ತಿದರೆ ನಿಮ್ಮ ಎದೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಹಾಲು ಬಾಯಿಗೆ ಬಿದ್ದ ಕೂಡಲೇ ಮಗು ಮತ್ತೆ ನುಂಗಲು ಶುರುಮಾಡುತ್ತದೆ. ತೂಕ ಮರಳಿ ಬಂದು, ಏರುತ್ತಿದೆ ಎಂದು ವೈದ್ಯರು ಹೇಳಿದ ಮೇಲೆ ರಾತ್ರಿ ಎಬ್ಬಿಸುವ ಅಗತ್ಯವಿಲ್ಲ.

ಹಾಲು ಕುಡಿಸುವಾಗ ಪ್ರಾಣ ಹೋಗುವಷ್ಟು ನೋವು. ತಡೆದುಕೊಳ್ಳಬೇಕೇ?

ಬೇಡ. ಮೊದಲ ವಾರ, ಬಾಯಿ ಹಿಡಿದ ಮೊದಲ ಕೆಲವು ಸೆಕೆಂಡು ಎಳೆದ ಹಾಗಾಗುವುದು ಉಂಟು. ಅದು ಮೀರಿ ನೋವು ಇದ್ದರೆ, ತೊಟ್ಟು ಬಿರಿದರೆ, ರಕ್ತ ಬಂದರೆ, ಮಗು ಬಾಯಿ ಹಿಡಿದಿರುವ ರೀತಿ ಸರಿಯಿಲ್ಲ ಎಂದರ್ಥ. ಮಗು ಎದೆಯನ್ನು ಬಾಯಿಂದ ಬಿಟ್ಟಾಗ ತೊಟ್ಟಿನ ಆಕಾರ ನೋಡಿ. ದುಂಡಗಿದ್ದರೆ ಸರಿ. ಒಂದು ಕಡೆ ಚಪ್ಪಟೆಯಾಗಿ, ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿದ್ದರೆ ಮಗು ಬರೀ ತೊಟ್ಟನ್ನು ಅಗಿಯುತ್ತಿದೆ. ಹೀಗಿದ್ದಾಗ ತಾಯಿಗೆ ನೋವು, ಮಗುವಿಗೆ ಹಾಲೂ ಕಡಿಮೆ. ಅರ್ಧ ಹೊಟ್ಟೆಯಲ್ಲಿ ಮಲಗಿದ ಮಗು ಮುಕ್ಕಾಲು ಗಂಟೆಗೆ ಎದ್ದು ಮತ್ತೆ ಅಳುತ್ತದೆ. ನಿದ್ದೆಯ ತೊಂದರೆ ಎಂದು ಹೇಳಿಕೊಂಡು ಬರುವ ಎಷ್ಟೋ ದೂರುಗಳ ಬುಡ ಇಲ್ಲೇ ಇರುತ್ತದೆ.

ಸರಿ ಮಾಡುವುದು ಹೀಗೆ. ಮಗುವಿನ ಹೊಟ್ಟೆ ನಿಮ್ಮ ಮೈಗೆ ಅಂಟಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ತಿರುಗಿಸಿಕೊಂಡು ನುಂಗುವುದು ನಮಗೂ ಕಷ್ಟ, ಅಲ್ವಾ? ಮಗುವಿನ ಮೂಗು ತೊಟ್ಟಿನ ಎದುರಿಗಿರಲಿ, ಬಾಯಿ ಅಲ್ಲ. ತೊಟ್ಟಿನಿಂದ ಮೇಲ್ತುಟಿಯನ್ನು ಸವರಿ, ಆಕಳಿಸುವಾಗಿನಷ್ಟು ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದ ತಕ್ಷಣ ಬೆನ್ನಿಗೆ ಕೈಕೊಟ್ಟು ಮಗುವನ್ನು ಎದೆಗೆ ತನ್ನಿ, ನೀವು ಬಗ್ಗಬೇಡಿ. ಮೊದಲು ಗಲ್ಲ ತಾಗಬೇಕು. ಕೆಳತುಟಿ ಹೊರಗೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣಬೇಕು. ನೋವಾದರೆ ಎಳೆಯಬೇಡಿ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಶುರು ಮಾಡಿ.

ಎಷ್ಟು ಸರಿ ಮಾಡಿದರೂ ನೋವು ಹೋಗದಿದ್ದರೆ ನಾಲಿಗೆಯ ಕೆಳಗಿನ ಎಳೆ ಗಿಡ್ಡವಾಗಿದೆಯೇ ಎಂದು ತೋರಿಸಿ. ಎಳೆ ಕಾಣಿಸಿದ ಮಾತ್ರಕ್ಕೆ ಕತ್ತರಿಸಬೇಕೆಂದಿಲ್ಲ. ಅದರಿಂದ ಹಾಲು ಕುಡಿಯಲು ನಿಜವಾಗಿಯೂ ಅಡ್ಡಿಯಾಗುತ್ತಿದ್ದರೆ ಮಾತ್ರ ಆ ಮಾತು.

ಹಾಲು ಇಳಿದ ಮೇಲೆ ಎದೆ ಕಲ್ಲಿನಂತಾಗಿದೆ, ಮಗುವಿಗೆ ಬಾಯಿ ಹಿಡಿಯಲು ಆಗುತ್ತಿಲ್ಲ.

ಹೆಚ್ಚಿನವರಿಗೆ ಎರಡರಿಂದ ಐದನೇ ದಿನದೊಳಗೆ ಹಾಲು ಇಳಿಯುತ್ತದೆ. ಆಗ ಎದೆ ಕಟ್ಟಿಕೊಳ್ಳುವುದು ಸಾಮಾನ್ಯ. ಕುಡಿಸುವ ಮೊದಲು ತೊಟ್ಟಿನ ಸುತ್ತ ಬೆರಳಿಟ್ಟು ಒಂದು ನಿಮಿಷ ಒಳಮುಖವಾಗಿ ಮೆಲ್ಲಗೆ ಒತ್ತಿ. ಬಾವು ಹಿಂದೆ ಸರಿದು ಆ ಜಾಗ ಮೆತ್ತಗಾಗುತ್ತದೆ, ಮಗು ಹಿಡಿಯುತ್ತದೆ. ಬೇಕಿದ್ದರೆ ಕೈಯಿಂದ ಸ್ವಲ್ಪ ಹಾಲು ಹಿಂಡಿ. ಪೂರ್ತಿ ಖಾಲಿ ಮಾಡಲು ಹೋಗಬೇಡಿ, ಹಿಂಡಿದಷ್ಟೂ ಮತ್ತೆ ತುಂಬುತ್ತದೆ. ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ ಹಾಕಿದರೆ ಹಿತ. ಎದೆಯ ಒಂದು ಭಾಗ ಕೆಂಪಾಗಿ, ಜ್ವರ, ನಡುಕ ಬಂದರೆ ವೈದ್ಯರಿಗೆ ತೋರಿಸಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಆರು ವಾರವಾಯಿತು, ಎದೆ ಮೆತ್ತಗಾಗಿದೆ. ಹಾಲು ಬತ್ತಿತೇ?

ಇಲ್ಲ. ಮಗುವಿಗೆ ಎಷ್ಟು ಬೇಕೋ ಅಷ್ಟು ತಯಾರಿಸಲು ಮೈ ಕಲಿತಿದೆ. ಹಾಲು ಹೋದಷ್ಟು ಬರುತ್ತದೆ. ಎದೆಯಲ್ಲಿ ಉಳಿದರೆ ತಯಾರಿ ನಿಧಾನವಾಗುತ್ತದೆ. ಪಂಪ್‌ನಲ್ಲಿ ಕಡಿಮೆ ಬಂದರೂ ಹೆದರಬೇಡಿ, ಚೆನ್ನಾಗಿ ಹೀರುವ ಮಗುವಿನಷ್ಟು ಯಾವ ಪಂಪೂ ಎಳೆಯುವುದಿಲ್ಲ. ಮತ್ತೆ ಡೈಪರ್ ಮತ್ತು ತೂಕವನ್ನೇ ನೋಡಿ.

ಸಂಜೆಯಾದರೆ ಎದೆ ಬಿಡುವುದೇ ಇಲ್ಲ. ಬಿಡಿಸಿದರೆ ಅಳು.

ಸಂಜೆ ಹೊತ್ತು ಗಂಟೆಗೆ ಎರಡು ಮೂರು ಸಲ ಕುಡಿಯುವುದು ಮೊದಲ ಎರಡು ಮೂರು ತಿಂಗಳಲ್ಲಿ ತೀರಾ ಸಾಮಾನ್ಯ. ಎರಡು ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳ ಹೊತ್ತಿಗೆ ಮಗು ಬೇಗ ಬೆಳೆಯುವಾಗ ಇದು ಜಾಸ್ತಿಯಾಗಿ, ಕೆಲವು ದಿನದಲ್ಲಿ ತಗ್ಗುತ್ತದೆ. ಎಷ್ಟೋ ಮನೆಗಳಲ್ಲಿ ಈ ಹೊತ್ತಿನಲ್ಲೇ "ಹಾಲು ಸಾಲುತ್ತಿಲ್ಲ, ಬಾಟಲಿ ಕೊಡಿ" ಎಂಬ ಮಾತು ಬರುತ್ತದೆ. ಬಾಟಲಿ ಕೊಟ್ಟರೆ ಮಗು ಮಲಗುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಎದೆಯಿಂದ ಹಾಲು ಹೋಗದಿದ್ದರೆ ನಾಳೆ ಅಷ್ಟು ಕಡಿಮೆ ಬರುತ್ತದೆ. ಮಗುವಿನ ತೂಕ ಚೆನ್ನಾಗಿದ್ದರೆ ನನ್ನ ಸಲಹೆ: ಸಂಜೆ ಮನೆಗೆಲಸ ಬೇರೆಯವರು ನೋಡಿಕೊಳ್ಳಲಿ, ನೀವು ನೀರು ಪಕ್ಕದಲ್ಲಿಟ್ಟುಕೊಂಡು ಕೂತುಬಿಡಿ.

ಹಾಲು ಕುಡಿಯುವಾಗ ಕೆಮ್ಮುತ್ತದೆ, ಉಸಿರು ಕಟ್ಟಿದ ಹಾಗಾಗಿ ಎದೆಯಿಂದ ಮುಖ ಕೀಳುತ್ತದೆ.

ಹಾಲು ರಭಸವಾಗಿ ಬರುತ್ತಿರಬಹುದು. ನೀವು ಹಿಂದಕ್ಕೆ ಒರಗಿ, ಮಗುವನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡು ಕುಡಿಸಿ. ಹಾಲು ಮೇಲಕ್ಕೆ ಹರಿಯಬೇಕಾದ್ದರಿಂದ ರಭಸ ತಗ್ಗುತ್ತದೆ. ಮೊದಲ ರಭಸವನ್ನು ಒಂದು ಬಟ್ಟೆಗೆ ಹೋಗಲು ಬಿಟ್ಟು ಆಮೇಲೆ ಕುಡಿಸಿದರೂ ಆದೀತು. ಪ್ರತಿ ಸಲವೂ ಕೆಮ್ಮುತ್ತಿದ್ದರೆ, ಬಾಟಲಿಯಲ್ಲೂ ಹಾಗೇ ಆದರೆ, ಅಥವಾ ಕುಡಿಯುವಾಗ ಬಣ್ಣ ಬದಲಾದರೆ ನುಂಗುವುದರಲ್ಲೇ ತೊಂದರೆ ಇರಬಹುದು, ಪರೀಕ್ಷೆ ಮಾಡಿಸಿ.

ಬಾಟಲಿ ಹಾಲು ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

ಮೊದಲ ವಾರ ದಾಟಿದ ಮೇಲೆ ಪುಡಿ ಹಾಲು (ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ) ಮಾತ್ರ ಕುಡಿಯುವ ಮಗುವಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 150 ಮಿ.ಲೀ. ಬೇಕಾಗುತ್ತದೆ, ಕೆಲವಕ್ಕೆ 200 ಮಿ.ಲೀ.ವರೆಗೂ. ಇದು ದಿನದ ಒಟ್ಟು ಲೆಕ್ಕ. ಒಂದೊಂದು ಬಾಟಲಿಯನ್ನೂ ಖಾಲಿ ಮಾಡಿಸಲೇಬೇಕು ಎಂದಲ್ಲ.

ಅಳತೆ ಡಬ್ಬಿಯ ಮೇಲೆ ಬರೆದ ಹಾಗೇ ಇರಲಿ. ರಾತ್ರಿ ಜಾಸ್ತಿ ಹೊತ್ತು ಮಲಗಲಿ ಎಂದು ಒಂದು ಚಮಚ ಪುಡಿ ಹೆಚ್ಚು ಹಾಕುವುದು, ಡಬ್ಬಿ ಬೇಗ ಮುಗಿಯಬಾರದೆಂದು ನೀರು ಹೆಚ್ಚು ಬೆರೆಸುವುದು, ಎರಡೂ ಅಪಾಯ. ಪುಡಿ ಹಾಲು ಕ್ರಿಮಿ ಇಲ್ಲದ ವಸ್ತುವಲ್ಲ. ಹಾಗಾಗಿ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ತಣ್ಣೀರಿನಲ್ಲಿ ಬಾಟಲಿ ಹಿಡಿದು ಆರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸಿ ಅರ್ಧ ಗಂಟೆಯೊಳಗೆ ಬೆರೆಸಿದರೆ ಸರಿಹೋಗುತ್ತದೆ. ಮಾಡಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಬಳಸಿ. ಮಗು ಬಾಯಿ ಹಾಕಿದ ಬಾಟಲಿಯಲ್ಲಿ ಉಳಿದದ್ದನ್ನು ಎತ್ತಿಡದೆ ಚೆಲ್ಲಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಮೇಲೆ ಬೆಚ್ಚಗಿದ್ದು ಒಳಗೆ ಬಾಯಿ ಸುಡುವಷ್ಟು ಬಿಸಿ ಇರಬಹುದು.

ಕುಡಿಸುವಾಗ ಮಗು ಸ್ವಲ್ಪ ಎದ್ದು ಕೂತ ಹಾಗಿರಲಿ, ಬಾಟಲಿ ಅಡ್ಡಕ್ಕೆ ಇರಲಿ. ಕೆಲವು ಗುಟುಕಾದ ಮೇಲೆ ಬಾಟಲಿಯನ್ನು ತಗ್ಗಿಸಿ ಉಸಿರಾಡಲು ಬಿಡಿ. ಮುಖ ತಿರುಗಿಸಿದರೆ ಸಾಕು ಎಂದರ್ಥ. ದಿಂಬಿಗೆ ಬಾಟಲಿ ಒರಗಿಸಿ ಹೋಗುವುದಂತೂ ಬೇಡವೇ ಬೇಡ.

ಹಿಂಡಿದ ಎದೆಹಾಲು ಎಷ್ಟು ಹೊತ್ತು ಇಡಬಹುದು?

25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಸೆಕೆ ಜಾಸ್ತಿ ಇದ್ದರೆ ಹೊರಗೆ ಇಡಲೇಬೇಡಿ.

ಕುಡಿದ ಹಾಲನ್ನೆಲ್ಲಾ ಕಕ್ಕಿಬಿಡುತ್ತದೆ. ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲವೇ?

ಉಳಿಯುತ್ತದೆ. ಬಟ್ಟೆಯ ಮೇಲೆ ಹರಡಿದ ಎರಡು ಚಮಚ ಹಾಲು ಬಟ್ಟಲು ತುಂಬಾ ಇದ್ದ ಹಾಗೆ ಕಾಣುತ್ತದೆ, ಅಷ್ಟೇ. ಹೊಟ್ಟೆಯ ಬಾಯಿಯನ್ನು ಮುಚ್ಚುವ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಕಕ್ಕುವುದು ನಾಲ್ಕನೇ ತಿಂಗಳ ಹೊತ್ತಿಗೆ ಜಾಸ್ತಿಯಾಗಿ, ಕೂರಲು ಕಲಿತ ಮೇಲೆ ಇಳಿದು, ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ನಿಂತುಹೋಗುತ್ತದೆ. ಕುಡಿಸಿದ ಮೇಲೆ ತೇಗಿಸಿ, ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಮಗು ನಗುನಗುತ್ತಾ ಕಕ್ಕಿ, ತೂಕವೂ ಏರುತ್ತಿದ್ದರೆ ಔಷಧಿಗಿಂತ ಬಟ್ಟೆ ಒಗೆಯುವುದೇ ಪರಿಹಾರ.

ಆದರೆ ಎರಡರಿಂದ ಆರು ವಾರದ ಮಗು ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವ ಹಾಗೆ ವಾಂತಿ ಮಾಡಿ, ತಕ್ಷಣ ಮತ್ತೆ ಹಸಿವೆಂದು ಅತ್ತರೆ ಅದೇ ದಿನ ತೋರಿಸಿ. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ಕಿರಿದಾಗಿರಬಹುದು. ಮಲದಲ್ಲಿ ರಕ್ತದ ಎಳೆ, ಮೈಮೇಲೆ ಇಸುಬು, ವಾಂತಿ ಇವೆಲ್ಲ ಒಟ್ಟಿಗೆ ಕಂಡರೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವ ಸಾಧ್ಯತೆ ಇದೆ. ನೀವಾಗಿಯೇ ಡಬ್ಬಿಯ ಮೇಲೆ ಡಬ್ಬಿ ಬದಲಿಸಬೇಡಿ.

ಹೊಟ್ಟೆ ತುಂಬಿದೆ, ಡೈಪರ್ ಒಣಗಿದೆ. ಆದರೂ ಗಂಟೆಗಟ್ಟಲೆ ರಚ್ಚೆ ಹಿಡಿಯುತ್ತದೆ.

ಅಳು ಎರಡನೇ ವಾರದಿಂದ ಏರುತ್ತಾ ಆರನೇ ವಾರಕ್ಕೆ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಅತ್ತರೆ ಅದಕ್ಕೆ ಕಾಲಿಕ್ ಎನ್ನುತ್ತಾರೆ. 1954ರಿಂದ ಬಂದ ಲೆಕ್ಕ ಇದು. ನಿಖರವಾದ ಕಾರಣ ಈವರೆಗೆ ಸಿಕ್ಕಿಲ್ಲ. ಹೊಟ್ಟೆನೋವು ಎಂದು ಎಲ್ಲರೂ ಹೇಳುತ್ತಾರೆ, ಏಕೆಂದರೆ ಮಗು ಕಾಲು ಮಡಚಿ ಗಾಳಿ ಬಿಡುತ್ತದೆ. ಜೋರಾಗಿ ಅಳುವ ಮಗು ಗಾಳಿ ನುಂಗುವುದರಿಂದಲೂ ಹಾಗಾಗಬಹುದು. ಗ್ರೈಪ್ ವಾಟರ್‌ನಿಂದ ಉಪಯೋಗ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಎತ್ತಿಕೊಂಡು ಓಡಾಡುವುದು, ಮಂದ ಬೆಳಕು, ಒಂದೇ ಸಮನಾದ ಮೆಲುಸದ್ದು ಕೆಲವು ಮಕ್ಕಳಿಗೆ ಹಿಡಿಸುತ್ತದೆ. ಇವತ್ತು ಹಿಡಿಸಿದ್ದು ನಾಳೆ ಹಿಡಿಸದೆಯೂ ಇರಬಹುದು.

ನಿಮ್ಮ ತಾಳ್ಮೆ ಮುಗಿಯುತ್ತಿದೆ ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಬಾಗಿಲು ಎಳೆದುಕೊಂಡು ಐದು ನಿಮಿಷ ಹೊರಗೆ ಬನ್ನಿ. ಅಷ್ಟು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಹಿಡಿದು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಆಟ. ಹೇಗೆ ತಿರುಗಿಸುವುದು?

ಹಗಲು ರಾತ್ರಿಯ ಅರಿವು ಮೈಯೊಳಗೆ ಮೂಡಲು ಎರಡು ಮೂರು ತಿಂಗಳು ಬೇಕು. ಹಗಲಲ್ಲಿ ಬೆಳಕಿರುವ ಕಡೆ ಇಡಿ, ಮನೆಯ ಸದ್ದು ಇರಲಿ, ಮೂರು ಗಂಟೆಗಿಂತ ಜಾಸ್ತಿ ಹಾಲಿಲ್ಲದೆ ಮಲಗಲು ಬಿಡಬೇಡಿ. ರಾತ್ರಿ ಕುಡಿಸುವಾಗ ಸಣ್ಣ ದೀಪ ಸಾಕು, ಮಾತು ಬೇಡ, ಮೊಬೈಲ್ ಬೆಳಕೂ ಬೇಡ. ಮಲ ಮಾಡದಿದ್ದರೆ ಡೈಪರ್ ಬದಲಿಸುವುದೂ ಬೇಡ.

ಎಲ್ಲಿ, ಹೇಗೆ ಮಲಗಿಸಬೇಕು?

ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ಪಕ್ಕದಲ್ಲಿ ಏನೂ ಇಲ್ಲದೆ. ದಿಂಬು, ಸಡಿಲ ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಬೇಡ. ಕಕ್ಕುವ ಮಗುವನ್ನೂ ಬೆನ್ನ ಮೇಲೇ ಮಲಗಿಸಬೇಕು. ಹಾಗೆ ಮಲಗಿದರೆ ಉಸಿರುಗಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬೋರಲು ಮಲಗಿಸುವುದರಲ್ಲೇ ಅಪಾಯ ಜಾಸ್ತಿ. ಬೆನ್ನ ಮೇಲೆ ಮಲಗಿಸಿ ಎಂಬ ಅಭಿಯಾನ ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು.

ಮೊದಲ ಆರು ತಿಂಗಳಾದರೂ ಮಗು ನಿಮ್ಮ ಕೋಣೆಯಲ್ಲೇ, ಆದರೆ ಅದರದೇ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು. ಎಲ್ಲಕ್ಕಿಂತ ಅಪಾಯ ಸೋಫಾ ಮತ್ತು ಒರಗು ಕುರ್ಚಿ. ರಾತ್ರಿ ಕುಡಿಸುತ್ತಾ ತೂಕಡಿಕೆ ಬರುವ ಸಂಭವ ಇದ್ದರೆ, ಸೋಫಾಕ್ಕಿಂತ ದಿಂಬು ಹೊದಿಕೆ ಸರಿಸಿದ ಹಾಸಿಗೆ ವಾಸಿ. ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಹಾಕಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡಿದ್ದರೆ, ಅಥವಾ ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ ಒಂದೇ ಹಾಸಿಗೆಯಲ್ಲಿ ಮಲಗುವ ಮಾತೇ ಬೇಡ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವ ಅಭ್ಯಾಸವಿದ್ದರೆ, ಮಗು ಮಗ್ಗುಲಾಗಲು ಪ್ರಯತ್ನಿಸಿದ ದಿನವೇ ನಿಲ್ಲಿಸಿ.

ಚೆನ್ನಾಗಿ ಮಲಗುತ್ತಿದ್ದ ಮಗು ನಾಲ್ಕು ತಿಂಗಳಿಗೆ ಗಂಟೆಗೊಮ್ಮೆ ಏಳಲು ಶುರು ಮಾಡಿದೆ. ಏನಾಯಿತು?

ನಿದ್ದೆ ಹಾಳಾಗಿಲ್ಲ, ಬೆಳೆದಿದೆ. ಈ ವಯಸ್ಸಿನಲ್ಲಿ ಮಗುವಿನ ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಹಂತ ಹಂತವಾಗಿ ಬದಲಾಗುತ್ತದೆ. ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸುತ್ತಿನ ಕೊನೆಯಲ್ಲಿ ಅರೆ ಎಚ್ಚರ. ನಾವೂ ರಾತ್ರಿ ಹೀಗೆ ಅರೆ ಎಚ್ಚರಗೊಂಡು ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಗ್ಗೆ ನೆನಪಿರುವುದಿಲ್ಲ. ತೋಳಿನಲ್ಲಿ ಮಲಗಿದ್ದ ಮಗು ಕಣ್ಣು ಬಿಟ್ಟಾಗ ತೊಟ್ಟಿಲಲ್ಲಿರುತ್ತದೆ. ಎಲ್ಲಿದ್ದೇನೆಂದು ಗಾಬರಿಯಾಗಿ ಅಳುತ್ತದೆ.

ಇದರ ಜೊತೆಗೇ ಇನ್ನೊಂದು ಶುರುವಾಗುತ್ತದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಾಲ್ಕು ತಿಂಗಳ ಮಗುವಿಗೆ ಪ್ರಪಂಚ ಕಾಣಲು ಶುರುವಾಗಿದೆ. ಹಗಲಲ್ಲಿ ಎರಡು ಗುಟುಕು ಕುಡಿದು ಬಾಗಿಲ ಸದ್ದಿಗೆ ತಿರುಗುತ್ತದೆ, ಮತ್ತೆ ಎರಡು ಗುಟುಕು, ಫ್ಯಾನಿನ ಕಡೆ ನೋಟ. ಹಗಲಲ್ಲಿ ಬಿಟ್ಟ ಹಾಲನ್ನು ರಾತ್ರಿ ವಸೂಲಿ ಮಾಡುತ್ತದೆ. ರಾತ್ರಿ ಹೊಟ್ಟೆ ತುಂಬಿದ್ದರಿಂದ ಮರುದಿನ ಹಗಲಲ್ಲಿ ಹಸಿವು ಕಡಿಮೆ. ನಿದ್ದೆಗೆ ಏನೇ ಉಪಾಯ ಮಾಡಿದರೂ ಈ ಚಕ್ರ ಮುರಿಯದೆ ಪ್ರಯೋಜನವಿಲ್ಲ. ಹಗಲಿನ ಒಂದೆರಡು ಹೊತ್ತಿನ ಹಾಲನ್ನು ಮಂದ ಬೆಳಕಿನ, ಜನ ಓಡಾಡದ ಕೋಣೆಯಲ್ಲಿ ಕುಡಿಸಿ. ನಿದ್ದೆಯಿಂದ ಎದ್ದ ತಕ್ಷಣ, ಇನ್ನೂ ಮಂಪರಿನಲ್ಲಿರುವಾಗ ಕುಡಿಸಿದರೆ ಚೆನ್ನಾಗಿ ಕುಡಿಯುತ್ತದೆ.

ನಿದ್ದೆಯ ಕಡೆಯಿಂದ ಮಾಡಬಹುದಾದ್ದು: ಒಂದೂವರೆಯಿಂದ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಎಚ್ಚರ ಇರಿಸಬೇಡಿ. ತುಂಬಾ ದಣಿದ ಮಗು ಬೇಗ ಮಲಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ದಣಿವು ಮೀರಿದರೆ ರಚ್ಚೆ ಶುರು. ಆಕಳಿಕೆ, ಕಣ್ಣುಜ್ಜುವುದು, ಶೂನ್ಯದಲ್ಲಿ ನೋಡುವುದು ಕಂಡರೆ ಕೋಣೆಗೆ ಕರೆದುಕೊಂಡು ಹೋಗಿ. ದಿನಕ್ಕೊಂದು ಸಲವಾದರೂ, ಕಣ್ಣು ಎಳೆಯುತ್ತಿರುವಾಗಲೇ ಮಲಗಿಸಿ ನೋಡಿ. ಅತ್ತರೆ ಎತ್ತಿಕೊಳ್ಳಿ, ನಾಳೆ ಮತ್ತೆ ನೋಡಿ. ಹಗಲಿನ ನಿದ್ದೆ ಅರ್ಧ ಮುಕ್ಕಾಲು ಗಂಟೆಗೇ ಮುಗಿದರೆ ಚಿಂತೆ ಬೇಡ, ಅದು ಉದ್ದವಾಗುವುದು ಹೆಚ್ಚಿನ ಮಕ್ಕಳಲ್ಲಿ ಐದಾರು ತಿಂಗಳಾದ ಮೇಲೆ.

ಇದ್ದಕ್ಕಿದ್ದಂತೆ ಎದೆಹಾಲೇ ಬೇಡ ಎನ್ನುತ್ತಿದೆ. ಬಿಟ್ಟುಬಿಟ್ಟಿತೇ?

ವರ್ಷದೊಳಗಿನ ಮಗು ತಾನಾಗಿ ಹೀಗೆ ಒಂದೇ ದಿನದಲ್ಲಿ ಬಿಡುವುದು ಅಪರೂಪ. ಏನೋ ಅಡ್ಡ ಬಂದಿದೆ. ಮೂಗು ಕಟ್ಟಿದೆಯೇ, ಕಿವಿ ನೋವೇ, ಬಾಯಿಯೊಳಗೆ ಒರೆಸಿದರೂ ಹೋಗದ ಬಿಳಿ ಕಲೆ ಇದೆಯೇ, ಹಲ್ಲು ಬರುತ್ತಿದೆಯೇ, ನೀವು ಹೊಸ ಸೋಪು, ಸೆಂಟು ಹಾಕಿದ್ದೀರಾ, ಕಚ್ಚಿದಾಗ ಜೋರಾಗಿ ಕಿರುಚಿದಿರಾ ನೋಡಿ. ಮೂಗು ಕಟ್ಟಿದ್ದರೆ ಕುಡಿಸುವ ಮೊದಲು ಉಪ್ಪುನೀರಿನ ಹನಿ ಹಾಕಿದರೆ ಸಾಕಾಗಬಹುದು. ಬಲವಂತ ಮಾಡಬೇಡಿ. ನಿದ್ದೆಗಣ್ಣಿನಲ್ಲಿ, ಮೈಗೆ ಮೈ ತಾಗಿಸಿಕೊಂಡು ಕೊಟ್ಟು ನೋಡಿ. ಅಲ್ಲಿಯವರೆಗೆ ಹಾಲು ಹಿಂಡಿ ಲೋಟ, ಚಮಚದಲ್ಲಿ ಕೊಡಿ. ಹೆಚ್ಚಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ರಾತ್ರಿ ಪೂರ್ತಿ ಮಲಗುವುದು ಯಾವಾಗ?

ಬೇರೆಯವರ ಮಗು ಮೂರು ತಿಂಗಳಿಗೇ ಮಲಗಿತಂತೆ ಎಂಬ ಮಾತು ಕೇಳಿ ನಿಮ್ಮ ಮಗುವನ್ನು ಅಳೆಯಬೇಡಿ. 2018ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆರು ತಿಂಗಳ ಮಕ್ಕಳಲ್ಲಿ ಶೇ. 38ರಷ್ಟು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಒಂದು ವರ್ಷದ ಮಕ್ಕಳಲ್ಲೂ ಶೇ. 28ರಷ್ಟು ಹಾಗೇ ಇದ್ದವು. ಅವುಗಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಿಟ್ಟು ಕಲಸಿದ ಹಾಲು ಕೊಟ್ಟರೆ ಜಾಸ್ತಿ ಮಲಗುತ್ತದಂತೆ, ನಿಜವೇ?

ಬಾಟಲಿಗೆ ಹಿಟ್ಟು ಬೆರೆಸಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದೆ, ನಿದ್ದೆಗೆ ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಆರು ತಿಂಗಳವರೆಗೆ ನೀರೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಸವರುವುದಕ್ಕೂ ಬೇಡ, ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಎಂಟು ಒಂಬತ್ತು ತಿಂಗಳಿಗೆ ಮತ್ತೆ ನಿದ್ದೆ ಕೆಟ್ಟಿದೆ.

ತೆವಳುವುದು, ಹಿಡಿದು ನಿಲ್ಲುವುದು ಕಲಿಯುತ್ತಿರುವ ಮಗು ತೊಟ್ಟಿಲಲ್ಲೂ ಅದನ್ನೇ ಅಭ್ಯಾಸ ಮಾಡುತ್ತದೆ. ನಿಂತುಕೊಳ್ಳಲು ಬರುತ್ತದೆ, ಕೂತುಕೊಳ್ಳಲು ಬರುವುದಿಲ್ಲ, ಅದಕ್ಕೇ ಅಳು. ಹಗಲಲ್ಲಿ ನಿಂತಲ್ಲಿಂದ ಕೂರುವುದನ್ನು ಆಟವಾಗಿ ಕಲಿಸಿ. ನೀವು ಕಣ್ಮರೆಯಾದರೂ ಎಲ್ಲೋ ಇದ್ದೀರಿ ಎಂಬ ತಿಳಿವು ಇದೇ ಹೊತ್ತಿಗೆ ಬರುತ್ತದೆ, ಹಾಗಾಗಿ ಹುಡುಕಿ ಕರೆಯುತ್ತದೆ. ಹೋಗಿ, ಮೈದಡವಿ, ಎರಡು ಮಾತಾಡಿ ಮಲಗಿಸಿ. ನಿಂತುಹೋಗಿದ್ದ ರಾತ್ರಿ ಹಾಲನ್ನು ಈ ಕಾರಣಕ್ಕೆ ಮತ್ತೆ ಶುರು ಮಾಡಬೇಕಿಲ್ಲ.

ಅಳಲು ಬಿಟ್ಟು ನಿದ್ದೆ ಕಲಿಸುವುದು ಸರಿಯೇ?

ಆರು ತಿಂಗಳು ದಾಟಿದ, ಆರೋಗ್ಯವಾಗಿ ಬೆಳೆಯುತ್ತಿರುವ ಮಗುವಿಗೆ, ಮಧ್ಯೆ ಮಧ್ಯೆ ಹೋಗಿ ಸಮಾಧಾನ ಮಾಡುತ್ತಾ ಕಲಿಸುವ ವಿಧಾನಗಳಿಂದ ಹಾನಿ ಕಂಡಿಲ್ಲ. ಆಸ್ಟ್ರೇಲಿಯಾದಲ್ಲಿ ಅಂಥ ಮಕ್ಕಳನ್ನು ಐದು ವರ್ಷಗಳ ನಂತರ ನೋಡಿದಾಗಲೂ ಬೇರೆ ಮಕ್ಕಳಿಗಿಂತ ವ್ಯತ್ಯಾಸ ಇರಲಿಲ್ಲ. ಹಾಗೆಂದು ಎಲ್ಲರೂ ಮಾಡಲೇಬೇಕೆಂದೂ ಇಲ್ಲ. ಮಗು ನಾಲ್ಕು ಸಲ ಎದ್ದರೂ ನಿಮಗೆ ನಡೆಯುತ್ತದೆ ಎಂದಾದರೆ ಅದು ಸಮಸ್ಯೆಯೇ ಅಲ್ಲ. ತಾಯಿಗೆ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತಿದ್ದರೆ ಸಮಸ್ಯೆ. ಎಳೆಗೂಸಿಗೆ ಮಾತ್ರ ಇದು ಬೇಡ. ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಎಂಬುದೆಲ್ಲ ಸುಳ್ಳು.

ಲಸಿಕೆ ಹಾಕಿಸಿದಾಗ, ನೆಗಡಿಯಾದಾಗ?

ಒಂದೆರಡು ರಾತ್ರಿ ಏರುಪೇರಾಗುತ್ತದೆ. ಕೇಳಿದಷ್ಟು ಹಾಲು ಕೊಡಿ, ಗುಣವಾದ ಮೇಲೆ ಹಳೆಯ ಕ್ರಮಕ್ಕೆ ಮರಳಿ.

ನನಗೇ ನಿದ್ದೆ ಇಲ್ಲ. ಸುಮ್ಮಸುಮ್ಮನೆ ಅಳು ಬರುತ್ತದೆ.

ಹೆರಿಗೆಯಾದ ಮೊದಲ ಎರಡು ವಾರ ಹೀಗಾಗುವುದು ಸಾಮಾನ್ಯ. ಅದು ಮೀರಿಯೂ ಮುಂದುವರಿದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಬಾಣಂತಿಯರ ಖಿನ್ನತೆ ಇರಬಹುದು. ಚಿಕಿತ್ಸೆ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದೇ ಗಳಿಗೆಯಲ್ಲಿ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಒಂದು ಮಾತು: ತಾಯಿಗೆ ಒಂದೇ 'ಪಾಳಿ'ಯಲ್ಲಿ ನಾಲ್ಕೈದು ಗಂಟೆ ನಿದ್ದೆ ಸಿಗುವ ಹಾಗೆ ಮಾಡಿ. ಸಂಜೆ ಹಾಲು ಕುಡಿಸಿದ ಮೇಲೆ ಅವರು ಬೇರೆ ಕೋಣೆಯಲ್ಲಿ ಮಲಗಲಿ. ತೇಗಿಸುವುದು, ಡೈಪರ್ ಬದಲಿಸುವುದು, ಹಿಂಡಿಟ್ಟ ಹಾಲು ಕುಡಿಸುವುದು ಯಾರು ಬೇಕಾದರೂ ಮಾಡಬಹುದು.

ಆರು ತಿಂಗಳಾಯಿತು, ಊಟ ಬಾಯಿಗಿಟ್ಟರೆ ಉಗುಳುತ್ತದೆ. ರಾತ್ರಿ ಹಾಲು ಬಿಡಿಸಿದರೆ ತಿನ್ನುತ್ತದೆಯೇ?

ಆಸರೆ ಕೊಟ್ಟರೆ ಕೂರುತ್ತದೆಯೇ, ಕತ್ತು ನಿಂತಿದೆಯೇ, ನೀವು ತಿನ್ನುವುದನ್ನು ನೋಡಿ ಕೈ ಚಾಚುತ್ತದೆಯೇ ಮೊದಲು ನೋಡಿ. ಉಗುಳುವುದು ಬೇಡ ಎಂದಲ್ಲ. ನಾಲಿಗೆ ಇಷ್ಟು ದಿನ ಹೊರಕ್ಕೆ ತಳ್ಳಿಯೇ ಅಭ್ಯಾಸ. ಒಂದೇ ರುಚಿಯನ್ನು ಎಂಟು ಹತ್ತು ಸಲ, ಬೇರೆ ಬೇರೆ ದಿನ ಕೊಟ್ಟ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು. ಶುರುವಿನಲ್ಲಿ ಒಂದೆರಡು ಚಮಚ ಸಾಕು, ಆದರೆ ಕಬ್ಬಿಣದ ಅಂಶ ಇರುವ ಆಹಾರ ಸೇರಿರಲಿ. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದ ದಾಸ್ತಾನು ಈ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ.

ಕೆಮ್ಮಿ, ಮುಖ ಕೆಂಪಾಗಿಸಿ, ಓಕರಿಸಿ ತುತ್ತನ್ನು ಹೊರಗೆ ತಂದರೆ ಮಗು ಕಲಿಯುತ್ತಿದೆ. ಸದ್ದೇ ಬಾರದೆ ಉಸಿರು ನಿಂತರೆ ಗಂಟಲಿಗೆ ಸಿಕ್ಕಿಕೊಂಡಿದೆ. ತಕ್ಷಣ ಮಗುವನ್ನು ತೋಳಿನ ಮೇಲೆ ತಲೆ ಕೆಳಗಾಗುವಂತೆ ಬೋರಲು ಹಾಕಿ ಬೆನ್ನಿಗೆ ಅಂಗೈಯಿಂದ ಐದು ಸಲ ಬಡಿಯಬೇಕು. ಹೋಗದಿದ್ದರೆ ಮಗುಚಿ, ಎದೆಯ ಮೂಳೆಯ ಮೇಲೆ ಐದು ಸಲ ಒತ್ತಬೇಕು. ಜೊತೆಗೇ ಯಾರಾದರೂ ಆಂಬುಲೆನ್ಸ್ ಕರೆಯಲಿ. ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ತಿಳಿದವರ ಬಳಿ ಗೊಂಬೆಯ ಮೇಲೆ ಮಾಡಿ ಕಲಿಯುವುದು ಲೇಸು.

ರಾತ್ರಿ ಹಾಲನ್ನು ಊಟಕ್ಕಾಗಿ ಒಮ್ಮೆಲೇ ಕಿತ್ತುಕೊಳ್ಳಬೇಡಿ. ವರ್ಷ ತುಂಬುವವರೆಗೆ ಹಾಲು ಮುಖ್ಯವಾಗಿಯೇ ಇರುತ್ತದೆ. ಊಟದ ಹೊತ್ತಿಗೆ ತೀರಾ ಹಸಿದಿರಬಾರದು, ಹೊಟ್ಟೆ ಬಿರಿಯುವಷ್ಟು ತುಂಬಿಯೂ ಇರಬಾರದು. ಹಾಲು ಕುಡಿದ ಒಂದು ಗಂಟೆಯ ನಂತರ ಕೂರಿಸಿ ನೋಡಿ. ಹಗಲಿನ ಊಟ, ಹಾಲು ಎರಡೂ ಒಂದು ಹದಕ್ಕೆ ಬಂದ ಮೇಲೆ, ರಾತ್ರಿ ಎರಡು ಮೂರು ಸಲ ಕುಡಿಯುವ ಮಗುವಿಗೆ ಯಾವ ಹೊತ್ತಿನಲ್ಲಿ ಅತಿ ಕಡಿಮೆ ಕುಡಿಯುತ್ತದೋ ಆ ಒಂದು ಹೊತ್ತನ್ನು ಮೊದಲು ಬಿಡಿಸಿ. ಪ್ರತಿ ರಾತ್ರಿ ಒಂದೆರಡು ನಿಮಿಷ ಕಡಿಮೆ ಮಾಡುತ್ತಾ ಬನ್ನಿ, ಬಾಟಲಿಯಾದರೆ 20, 30 ಮಿ.ಲೀ. ಉಳಿದ ಹೊತ್ತುಗಳನ್ನು ಮುಂದಿನ ವಾರ ನೋಡಿಕೊಳ್ಳಿ.